ಯಂತ್ರದ ಪ್ರಶ್ನೆಗಳೆಲ್ಲ ಇನ್ನು ಅವನಿಗೇ

ಜೂನ್ ೧೨, ಬುಧವಾರ

ಸೂಪರ್‌ವೈಸರ್ ಮೀಟಿಂಗಿನಲ್ಲಿ ಅಂದ ಮಾತು ಇನ್ನೂ ಎದೆಯಲ್ಲಿ ಕುಟುಕುತ್ತಿದೆ. "ಅರ್ಧಕ್ಕೆ ಸ್ಕೂಲ್ ಬಿಟ್ಟವನ ಕೈಗೆ ಮೇನ್‌ಫ್ರೇಮ್ ಕೊಟ್ರೆ ಬಿಲ್ ಫೈಲ್ ಅಳಿಸದೆ ಇನ್ನೇನ್ ಮಾಡ್ತಾನೆ? ಇನ್ಮೇಲೆ ಎಲ್ಲಾ ನನ್ನನ್ನೇ ಕೇಳ್ಬೇಕು!"

ಅಳಿಸಿದ್ದು ನಾನಲ್ಲ. ರಾತ್ರಿಯೆಲ್ಲ ಬಿಲ್ ತಯಾರಿಸುವ ಆ ದೊಡ್ಡ ಕಂಪ್ಯೂಟರ್ ಯಂತ್ರ, ಹಳೆಯ ಫೈಲನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯಲೇ ಎಂದು ಕೇಳಿತ್ತು. ಆ ಪ್ರಶ್ನೆ ನನ್ನ ಪರದೆಗೆ ಬರಲೇ ಇಲ್ಲ. ಏನು ಕೇಳಿದರೂ ತಾನಾಗಿಯೇ "ಹೌದು" ಎನ್ನುವಂತೆ ಯಂತ್ರದಲ್ಲಿ ನಿಯಮ ಬರೆದಿಟ್ಟವನು ಆ ಸೂಪರ್‌ವೈಸರನೇ. ದೊರೆಯ ನಿದ್ದೆ ಕೆಡಬಾರದಲ್ಲ!

ಸಂಜೆ ಆ ನಿಯಮ ತೆಗೆದುಹಾಕಿದೆ. ಇನ್ನು ಪ್ರತಿ ಪ್ರಶ್ನೆಯೂ ಅವನ ಫೋನಿಗೇ ಹೋಗುತ್ತದೆ, ಉತ್ತರ ಬರುವವರೆಗೆ ಕೆಲಸ ನಿಲ್ಲುತ್ತದೆ. ಅಪ್ಪಣೆ ಅವನದೇ ತಾನೇ?

ಹೆಂಡತಿ ಮಗ್ಗುಲು ಬದಲಿಸಿ, "ಏನ್ರೀ, ಒಬ್ರೇ ನಗ್ತಿದೀರಾ? ಭಯ ಆಗುತ್ತಪ್ಪ" ಎಂದಳು. ನನಗೂ ಭಯವೇ. ಅವನು ಫೋನ್ ಆಫ್ ಮಾಡಿ ಮಲಗಿದ್ದರೆ? ಬೆಳಿಗ್ಗೆ ಒಂದು ಬಿಲ್ಲೂ ಹೊರಡದಿದ್ದರೆ? ನನ್ನ ಕೆಲಸ ಹೋದರೆ?

ಹೋದರೆ ಹೋಗಲಿ. ಈ ಸಲ ಉತ್ತರ ಕೊಡದವನ ಹೆಸರು ಯಂತ್ರದ ದಾಖಲೆಯಲ್ಲೇ ಉಳಿಯುತ್ತದೆ. ಮಲಗಪ್ಪ ದೊರೆ, ಚೆನ್ನಾಗಿ ಹೊದ್ದು ಮಲಗು. ನನಗಂತೂ ನಿದ್ದೆ ಬರುತ್ತಿಲ್ಲ.