ಬಿಟೈಮ್ಸ್ ಪದದ ಚೀಟಿ

ನಿಘಂಟು ಕಚೇರಿ, ಎರಡನೇ ಮಹಡಿ
ಜೂನ್ ೧೪, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೋ ಎಂದು ಭಾವ ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ಕಾಲಲ್ಲಿ ತುಳಿದರೇನೇ ಹೊಲಿಗೆ ನೆಟ್ಟಗೆ ಬರುತ್ತದೆ ಎಂಬ ಹಟ ನಿನ್ನದು. ಹಟದಲ್ಲಿ ನಮ್ಮ ಮನೆಯವರದು ಎತ್ತಿದ ಕೈ ಬಿಡು. ನಾನು ಚೆನ್ನಾಗಿದ್ದೇನೆ. ಕನ್ನಡಕದ ನಂಬರು ಮತ್ತೆ ಏರಿದೆ, ಅಷ್ಟೇ. ಹಳೇ ಪದ ಹುಡುಕುತ್ತಾ ನೀನೂ ಹಳಬನಾದೆಯಲ್ಲೋ ಎಂದು ನಮ್ಮ ದೊಡ್ಡವರು, ಅಂದರೆ ಪ್ರಧಾನ ಸಂಪಾದಕರು, ಕಂಡಾಗಲೆಲ್ಲ ಛೇಡಿಸುತ್ತಾರೆ.

ಸುದ್ದಿ ಏನೆಂದರೆ, ಬಳಕೆ ತಪ್ಪಿದ ಇಂಗ್ಲಿಷ್ ಪದಗಳ ನಮ್ಮ ನಿಘಂಟು ಕೊನೆಗೂ ಅಚ್ಚಿಗೆ ಹೋಗುತ್ತಿದೆ. ಇದು ಮುಗಿಯುವುದರೊಳಗೆ ನಾವೆಲ್ಲ ಮುಗಿಯುತ್ತೇವೆ ಎಂದು ನೀನು ನಗುತ್ತಿದ್ದೆಯಲ್ಲ, ಅದೇ. ನಿನ್ನೆ ಬಿ ಅಕ್ಷರದ ಕರಡು ಪುಟಗಳು ಬಂದವು. ಒಂದು ಪುಟದಲ್ಲಿ ಅಪ್ಪನ ವಾಕ್ಯವಿದೆ, ಪಕ್ಕದಲ್ಲಿ ತಾರೀಖೂ ಇದೆ. ಪುಸ್ತಕ ಬಂದ ಮೇಲೆ ಯಾರಾದರೂ ನಿನಗೆ ಅದನ್ನು ತೋರಿಸುವ ಮೊದಲು ನಾನೇ ಹೇಳಿಬಿಡಬೇಕು. ಹದಿನೇಳು ವರ್ಷದಿಂದ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೇ ಬಂದಿದ್ದೇನೆ. ಅಪ್ಪನ ಕೊನೆಯ ಕಾಗದ ನನಗೆ ಸಿಕ್ಕಿತ್ತು ಅಕ್ಕಾ. ನೀನು ಗೇಟಿನ ಪಕ್ಕದ ತುಕ್ಕು ಹಿಡಿದ ಅಂಚೆ ಡಬ್ಬಿಗೆ ಹಾಕಿದ್ದು, ಮೂರನೇ ದಿನ, ಸೋಮವಾರ ಬೆಳಿಗ್ಗೆ, ಸರಿಯಾಗಿ ನನ್ನ ಮೇಜಿನ ಮೇಲಿತ್ತು.

ಅಪ್ಪ ಇಂಗ್ಲಿಷ್ ಮೇಷ್ಟ್ರು. ನಮ್ಮನ್ನು ಕನ್ನಡದಲ್ಲಿ ಗದರಿಸಿದರೂ ಕಾಗದ ಬರೆಯಲು ಕೂತರೆ ಅವರಿಗೆ ಅಜ್ಜಂದಿರ ಕಾಲದ ಇಂಗ್ಲಿಷೇ ಆಗಬೇಕು. ಆ ಕಾಗದದ ಕೊನೆಯಲ್ಲಿ ‘ಕಮ್ ಬಿಟೈಮ್ಸ್, ಮೈ ಸನ್’ ಎಂದಿತ್ತು. ಬಿಟೈಮ್ಸ್ ಎಂದರೆ ಹೊತ್ತು ಮೀರುವ ಮೊದಲೇ ಎಂದರ್ಥ. ನೂರಾರು ವರ್ಷಗಳ ಹಿಂದೆ ಬೆಳಗಿನ ಜಾವ ಎದ್ದು ಕೆಲಸಕ್ಕೆ ಹೊರಡುವವರೂ ಅದನ್ನು ಆಡುತ್ತಿದ್ದರು, ಆಗ ಬೇಗನೆ ಎಂದಷ್ಟೇ. ಸಮಯ ಇರುವಾಗಲೇ ಮಾಡಿಕೋ, ಆಮೇಲೆ ಪಶ್ಚಾತ್ತಾಪ ಪಡಬೇಡ ಎಂದು ಮಕ್ಕಳಿಗೆ ಬುದ್ಧಿ ಹೇಳುವವರಿಗೂ ಅದೇ ಪದ ಬೇಕಾಗಿತ್ತು. ಬರಬರುತ್ತಾ ಜನ ಅದನ್ನು ತಮಾಷೆಗೆ ಮಾತ್ರ ಬಳಸತೊಡಗಿದರು, ಆಮೇಲೆ ಅದೂ ಕಡಿಮೆಯಾಯಿತು. ಐವತ್ತು ವರ್ಷದಲ್ಲಿ ಯಾರೂ ನಿಜವಾಗಿ ಬಳಸಿದ ಉದಾಹರಣೆ ಸಿಗದಿದ್ದರೆ ನಾವು ಪದದ ಮುಂದೆ ಪುಟ್ಟ ಕತ್ತಿಯ ಗುರುತು ಹಾಕುತ್ತೇವೆ, ಸತ್ತಿದೆ ಎಂದು. ಬಿಟೈಮ್ಸ್‌ಗೂ ಹಾಕುವವರಿದ್ದೆವು. ಬಿ ಅಕ್ಷರದ ಚೀಟಿಗಳ ಪೆಟ್ಟಿಗೆಯನ್ನು ಆ ಶುಕ್ರವಾರ ಮುಚ್ಚಬೇಕಾಗಿತ್ತು. ನಾನು ತಿಂಗಳುಗಟ್ಟಲೆ ಹುಡುಕಿ ಸೋತಿದ್ದೆ.

ಹಾಗಿರುವಾಗ ಆ ಕಾಗದ. ಅಪ್ಪ ಬರೆದಿದ್ದಾರೆ, ಬಾ ಎಂದು ಕರೆದಿದ್ದಾರೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಪದ ಸಿಕ್ಕಿತು ಎಂದು ಕುರ್ಚಿಯಿಂದ ಎದ್ದೇಬಿಟ್ಟೆ. ಆ ಒಂದು ಸಾಲು ಬಿಟ್ಟು ಬೇರೇನನ್ನೂ ಓದಲಿಲ್ಲ. ಚೀಟಿ ತೆಗೆದು ಪದ, ವಾಕ್ಯ, ತಾರೀಖು, ‘ಖಾಸಗಿ ಪತ್ರ’ ಎಂದು ಬರೆದೆ. ನಮ್ಮ ಪದ್ಧತಿಯಂತೆ ಕಾಗದವನ್ನು ಚೀಟಿಯ ಹಿಂದೆ ಗುಂಡುಸೂಜಿಯಿಂದ ಚುಚ್ಚಿ ಪೆಟ್ಟಿಗೆಯಲ್ಲಿಟ್ಟೆ. ದೊಡ್ಡವರು ಬೆನ್ನು ತಟ್ಟಿದರು. ಮೂರು ದಿನ ಎಲ್ಲರಿಗೂ ಅದನ್ನೇ ತೋರಿಸಿಕೊಂಡು ಓಡಾಡಿದೆ. ಗುರುವಾರ ನಿನ್ನ ಫೋನು ಬಂತು, ಅಪ್ಪ ಹೋಗಿಬಿಟ್ಟರು ಎಂದು.

ನಾನು ಬಂದಾಗ ನೀನು ಬಾಗಿಲಲ್ಲೇ ನಿಂತಿದ್ದೆ. “ನಿನಗೆ ಫೋನ್ ಮಾಡ್ತೀನಿ ಅಂದ್ರೆ ಬೇಡ ಅಂದ್ರು ಕಣೋ, ಅವನ ಕೆಲಸ ಕೆಡಿಸ್ಬೇಡ, ಕಾಗದ ಬರ್ದಿದೀನಿ ಬರ್ತಾನೆ ಅಂದ್ರು. ಕಾಗದ ಬರ್ಲಿಲ್ವಾ?” ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ಜೇಬಿಗೆ ಹೋಯಿತು. “ಇಲ್ಲ ಕಣೇ” ಎಂದುಬಿಟ್ಟೆ. ಆಗ ನೀನು ಹಣೆ ಹಣೆ ಚಚ್ಚಿಕೊಂಡು, “ನಂದೇ ತಪ್ಪು, ದೊಡ್ಡ ಪೋಸ್ಟಾಫೀಸಿಗೆ ಹೋಗಿ ಹಾಕ್ಬೇಕಿತ್ತು” ಎಂದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಅಂದಿನಿಂದ ಆ ಡಬ್ಬಿಯ ಕಡೆ ನೀನು ತಿರುಗಿಯೂ ನೋಡಲಿಲ್ಲ. ಒಂದು ಶುಭಾಶಯದ ಕಾರ್ಡಿಗೂ ಅಷ್ಟು ದೂರ ನಡೆದೇ ಹೋಗುತ್ತೀಯಂತೆ, ಈ ಮಂಡಿಯಲ್ಲಿ. ಭಾವ ಇದನ್ನು ನಗುತ್ತಾ ಹೇಳಿದಾಗ ನಾನೂ ನಕ್ಕೆ. ಅಂಥ ನಗು ನಕ್ಕ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ನಿನ್ನ ತಪ್ಪು ಎಳ್ಳಷ್ಟೂ ಇರಲಿಲ್ಲ ಅಕ್ಕಾ. ನನ್ನ ತಪ್ಪನ್ನು ಹೊತ್ತುಕೊಂಡು ತಿರುಗಿದೆ, ನಾನು ತಿರುಗಲು ಬಿಟ್ಟೆ.

ಮನೆಯ ಕಾಗದದ್ದು, ಬೇಕಾದರೆ ಪುಸ್ತಕದಿಂದ ಆ ಸಾಲು ತೆಗೆದುಬಿಡೋಣ ಎಂದು ದೊಡ್ಡವರು ಹೇಳಿದರು. ಬೇಡ ಎಂದು ಕರಡಿಗೆ ಸಹಿ ಹಾಕಿದ್ದೇನೆ. ಕಾಗದವನ್ನು ಚೀಟಿಯಿಂದ ಬಿಡಿಸಿ ಇದರ ಜೊತೆ ಕಳಿಸುತ್ತಿದ್ದೇನೆ. ಅದು ಇರಬೇಕಾದ್ದು ನಿನ್ನ ಹತ್ತಿರ. ಇನ್ನು ಮೇಲೆ ನನ್ನ ಜೊತೆ ಮಾತಾಡುವುದಿಲ್ಲ ಎಂದರೂ ಸರಿ, ನೀನು ಮಾತ್ರ ನಿನ್ನನ್ನು ಬೈದುಕೊಳ್ಳುವುದು ನಿಲ್ಲಿಸು.

ಭಾವನಿಗೆ ನನ್ನ ನೆನಪು ಹೇಳು. ಮಂಡಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ.

ನಿನ್ನ ಬೈಗುಳಕ್ಕಾದರೂ ಕಾದಿರುವ ತಮ್ಮ,
ನೀನು ಹೆಸರಿಟ್ಟ ಚೀಟಿರಾಯ

ಮರೆತಿದ್ದೆ: ಹಾಗೆಂದು ಬರೆಯಹೊರಟೆ, ಮರೆತಿಲ್ಲ. ಮೇಲೆಯೂ ಒಂದು ಸುಳ್ಳು ಬರೆದಿದ್ದೇನೆ. ಅಪ್ಪನ ಕಾಗದವನ್ನು ಆ ಸೋಮವಾರವೇ ಪೂರ್ತಿ ಓದಿದ್ದೆ, ಎರಡು ಸಲ. ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿಲ್ಲ, ಅಕ್ಕ ಗಾಬರಿಯಾಗುತ್ತಾಳೆಂದು ಹೇಳಿಲ್ಲ ಎಂದು ಎರಡನೇ ಪುಟದಲ್ಲಿದೆ, ನೀನೇ ನೋಡುತ್ತೀಯ. ಅದು ಗೊತ್ತಿದ್ದವನು ನಾನೊಬ್ಬನೇ. ನಿನಗೊಂದು ಫೋನು ಮಾಡಿದ್ದರೆ ನೀನು ಅವತ್ತೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಶುಕ್ರವಾರ ಪೆಟ್ಟಿಗೆ ಮುಚ್ಚಲಿ, ಶನಿವಾರ ಹೋದರಾಯಿತು ಎಂದುಕೊಂಡೆ. ಈ ಕಾಗದವನ್ನು ತಿದ್ದಿ ಬರೆಯಲು ಮತ್ತೆ ಕೂತರೆ ಇಷ್ಟನ್ನು ಬಿಟ್ಟೇ ಬರೆಯುತ್ತೇನೆ, ನನ್ನನ್ನು ನಾನು ಬಲ್ಲೆ. ಅದಕ್ಕೆ ಹೀಗೇ ಅಂಚೆಗೆ ಹಾಕುತ್ತಿದ್ದೇನೆ.