ಮಾಫಿ ಕೇಳದೆ ಉಳಿದ ಮನೆ

ಹಾವೇರಿ ದವಾಖಾನೆಯಿಂದ,
ರವಿವಾರ, 18-10-1992

ಗೆಳತಿ ಹೊಳಿಯವ್ವನಿಗೆ ಬ್ಯಾಡಗಿಯ ಜೈತೂನಬಿಯ ಸಲಾಂ. ಆರು ವರ್ಷದ ಮೇಲೆ ನನ್ನ ಅಕ್ಷರ ಕಂಡು ನಿನಗೆ ಸಿಟ್ಟು ಬಂದೀತು. ಬರಲಿ, ಆದರೆ ಪತ್ರವನ್ನು ಒಲೆಗೆ ಹಾಕಬೇಡ. ಮೊದಲು ಮಗಳ ಕೈಲಿ ಓದಿಸು.

ನಾಳೆ ಹತ್ತು ಗಂಟೆಗೆ ನನ್ನ ಮುರಿದ ಕಾಲಿಗೆ ಆಪರೇಷನ್. ಎಚ್ಚರ ತಪ್ಪಿಸುವ ಸೂಜಿ ಚುಚ್ಚುತ್ತಾರಂತೆ. ಮತ್ತೆ ಎಚ್ಚರ ಆಗದಿದ್ದರೆ ಎಂದು ಅಂಜಿಕೆ.

ನಮ್ಮ ಮೆಣಸಿನಕಾಯಿ ಅಂಗಡಿಯ ವಿರೂಪಾಕ್ಷಪ್ಪ ಸಾವ್ಕಾರರ ತಾಯಿಗೆ ಮುಂಬಯಿಯಲ್ಲಿ ಎದೆಯ ಉಪಚಾರ ಇತ್ತು. ಮುದುಕಿಯ ಸೇವೆಗೆ ನಾನೂ ಹೋಗಿದ್ದೆ. ಹೊರಡುವ ಮುಂಚೆ ನಮ್ಮ ರೂಢಿಯಂತೆ ಓಣಿಯ ಮನೆಮನೆಗೆ ಹೋಗಿ, ಆಡಿದ್ದು ಮಾಡಿದ್ದು ಮಾಫ್ ಮಾಡಿರಿ ಎಂದು ಕೇಳಿಕೊಂಡೆ. ಪಕ್ಕದ ಮನೆಯ ಬುಡನಸಾಬ ನಕ್ಕು, "ಮುಂಬಯಿಗೆ ಹೊಂಟೀಯೋ, ಹಜ್ಜಿಗೆ ಹೊಂಟೀಯೋ ಬೇ?" ಎಂದ. ಹಾಲಿನವಳನ್ನೂ ಬಿಡಲಿಲ್ಲ. ನೀನಿರುವ ಕುಪ್ಪೇಲೂರಿನ ಬಸ್ಸು ಮಾತ್ರ ಹತ್ತಲಿಲ್ಲ.

ಗುರುವಾರ ತಿರುಗಿ ಬರುವಾಗ ಸಾವ್ಕಾರರ ಬೀಗರು ತಮ್ಮ ಕಂಪನಿಯ ಸಣ್ಣ ಜೆಟ್ ವಿಮಾನ ಕೊಟ್ಟರು. ಒಳಗೆ ನಮ್ಮ ಟೆಂಪೋದಷ್ಟೂ ಜಾಗ ಇಲ್ಲ. ರಾಣೇಬೆನ್ನೂರಿನ ಆಚೆ, ಅವರ ಕಾರ್ಖಾನೆಯ ವಿಮಾನಪಟ್ಟಿಯ ಮೇಲೆ ಇಳಿಯುವಾಗ ಜೋರು ಮಳೆ. ಗಾಲಿ ನೆಲಕ್ಕೆ ಹತ್ತಿದ್ದು ಗೊತ್ತಾಯಿತು. ಅಲ್ಲಾಹನಿಗೆ ಶುಕ್ರ್ ಎಂದೆ. ಆದರೆ ವಿಮಾನ ನಿಲ್ಲಲಿಲ್ಲ. ಕಿಟಕಿಯಲ್ಲಿ ದೀಪದ ಗೂಟಗಳು ಹಿಂದೆ ಹಿಂದೆ ಓಡಿದವು. ಆಮೇಲೆ ಗೂಟಗಳೂ ಮುಗಿದವು, ಬೇಲಿ ಬಂತು. ಮುದುಕಿ ನನ್ನ ಮುಂಗೈ ಹಿಡಿದು, "ಜೈತೂನಾ, ನಿಮ್ಮ ದೇವರಿಗೆ ನೀ ಹೇಳು, ನಮ್ಮ ದೇವರಿಗೆ ನಾ ಹೇಳತೇನಿ" ಎಂದಳು. ಕಲ್ಮಾ ಓದಲು ಬಾಯಿ ತೆರೆದೆ. ಹೊಳಿಯವ್ವಾ, ಮಾತು ಬಂದಾಗಿನಿಂದ ಬಾಯಲ್ಲಿದ್ದ ಕಲ್ಮಾ ಬರಲಿಲ್ಲ. ನಿನ್ನ ಹೆಸರು ಬಂತು.

ವಿಮಾನ ಬೇಲಿ ಹರಿದುಕೊಂಡು ಎರೆಹೊಲಕ್ಕೆ ನುಗ್ಗಿತು. ಹಸಿಮಣ್ಣೇ ಗಾಲಿಗಳನ್ನು ಹಿಡಿದು ನಿಲ್ಲಿಸಿತು. ಯಾರೂ ಸಾಯಲಿಲ್ಲ. ಮುದುಕಿಗೆ ಒಂದು ಗೀರೂ ಇಲ್ಲ. ಮುಂದಿನ ಸೀಟು ಕಿತ್ತುಬಂದು ನನ್ನ ಕಾಲಿನ ಮೇಲೆ ಬಿತ್ತು.

ದೇವರಿಗೆ ಮಾಡಿದ ತಪ್ಪನ್ನು ದೇವರು ಮಾಫ್ ಮಾಡುತ್ತಾನೆ. ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮಾಫ್ ಮಾಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆರು ವರ್ಷದ ಹಿಂದೆ ಆವತ್ತು ಸಾವ್ಕಾರರ ಅಂಗಡಿಯಲ್ಲಿ ನಾವಿಬ್ಬರೂ ತುಂಬಿದ್ದ ಚೀಲ ಬಿಚ್ಚಿದಾಗ ಮೆಣಸಿನಕಾಯಿಗೆಲ್ಲ ಬೂಸರು ಹಿಡಿದಿತ್ತು. ತೂಕ ಹೆಚ್ಚಲೆಂದು ನೀನು ನೀರು ಹೊಡೆದಿದ್ದಿ ಎಂದು, ಎಲ್ಲರೆದುರು ಕಳ್ಳಿ ಎಂದು ಹೊರಹಾಕಿದರು. ನೀನು ನನ್ನ ಕಡೆ ನೋಡಿ, "ಜೈತೂನಾ, ನೀನರ ಹೇಳವಾ" ಎಂದಿ. ನಾನು ತೊಟ್ಟು ಬಿಡಿಸುತ್ತ ತಲೆ ಬಗ್ಗಿಸಿದೆ. ಹೊಡೆದವಳು ನೀನಲ್ಲ ಎಂದು ನನಗೆ ಖರೇನೇ ಗೊತ್ತಿತ್ತು. ಸುಮ್ಮನಿದ್ದ ಆ ತಪ್ಪನ್ನು ಮಾಫ್ ಮಾಡು.

ಪತ್ರ ತರುವ ಮಲಂಗಸಾಬ ವಸ್ತಿ ಬಸ್ಸಿನ ಡ್ರೈವರ್. ನಿಮ್ಮೂರಲ್ಲೇ ತಂಗಿ ನಸುಕಿಗೆ ಹೊರಡುತ್ತಾನೆ. ಅವನ ಕೂಡ ಒಂದು ಮಾತು ಹೇಳಿ ಕಳಿಸು. ಬೈದು ಕಳಿಸಿದರೂ ನಡೆದೀತು, ಸುಮ್ಮನೆ ಕಳಿಸಬೇಡ.

ನಿನ್ನ ಜೊತೆ ಒಂದೇ ತಾಟಿನಲ್ಲಿ ಉಂಡವಳು,
ಜೈತೂನಬಿ

ತಾ.ಕ.: ಮಡಚಿದ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ನಿನ್ನ ಮಗಳು ಓದುತ್ತಾಳೆಂದು ನಾಚಿ ಮೇಲೆ ಅರ್ಧವೇ ಬರೆದೆ. ನೀರು ಹೊಡೆದವಳು ನಾನು. ತೂಕಕ್ಕಲ್ಲ, ಒಣಗಿದ ಕಾಯಿ ತುಂಬುವಾಗ ಮುರಿದರೆ ಬೈಗುಳ ಬೀಳುತ್ತದೆಂದು ಅಂಜಿ, ಮೆತ್ತಗಾಗಲೆಂದು ರೂಢಿಗಿಂತ ಒಂದು ತಂಬಿಗೆ ಹೆಚ್ಚು ಹೊಡೆದೆ. ಸಾವ್ಕಾರರಿಗೆ ಇನ್ನೂ ಹೇಳಿಲ್ಲ, ಬಾಯಿ ಬರಲೊಲ್ಲದು. ಅದಕ್ಕೇ ಬರೆದು ನಿನ್ನ ಕೈಗೆ ಕೊಡುತ್ತಿದ್ದೇನೆ. ನಾಳೆ ನಾನು ಏಳದಿದ್ದರೆ ಈ ಕಾಗದವನ್ನು ಅವರಿಗೆ ತೋರಿಸು. ಎದ್ದರೂ ತೋರಿಸು.