ಕುಮಾರನ ಎರಡನೇ ಗ್ರಾಫ್

ಜೂನ್ 3, ಮಂಗಳವಾರ. ಮಗ್ಗೆ

ಶುಂಠಿ ಪಾತಿಗೆ ಮಣ್ಣು ಏರಿಸಲು ಅಪ್ಪನ ಜೊತೆ ಹೋದೆ. ನೆಟ್‌ವರ್ಕ್ ಸಿಗುವುದು ಹೊಲದ ಮೇಲಿನ ದಿಬ್ಬದಲ್ಲಿ ಮಾತ್ರ. ಅಲ್ಲೇ ಬಂತು ನನ್ನ ಪಿಎಚ್‌ಡಿ ಗೈಡ್ ಯೋಗಾನಂದ ಸರ್ ಮೇಲ್, ದೆಹಲಿಯ ಲ್ಯಾಬಿನಿಂದ. ನಮ್ಮ ರಿಸರ್ಚ್ ಪೇಪರ್‌ನಿಂದ ಎಕ್ಸ್-ರೇ ಗ್ರಾಫ್ ತೆಗೆದುಹಾಕಿದ್ದಾರಂತೆ. ಕಾರ್ಬನ್ ಅಯಾನಿನ ಗ್ರಾಫ್ ಒಂದೇ ಸಾಕಂತೆ. ಕ್ಲೀನ್ ಆಗಿರುತ್ತಂತೆ.

ಕ್ಲೀನ್!

ಗುದ್ದಲಿ ಎಸೆದೆ. ಅಪ್ಪ ಹಾವು ಕಂಡಿತೇನೋ ಅಂದುಕೊಂಡರು.

ಜೂನ್ 4

ಸರಿಯಾಗಿ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಫೋನಿನಲ್ಲಿ ಬರೀ ಕಿರುಚುತ್ತೇನೆ.

ಎಕ್ಸ್-ರೇ ಡಿಎನ್‌ಎಯನ್ನು ಅಲ್ಲೊಂದು ಇಲ್ಲೊಂದು ಕಡೆ ಹರಿಯುತ್ತದೆ. ಜೀವಕೋಶ ತೇಪೆ ಹಾಕಿಕೊಂಡು ಬದುಕುತ್ತದೆ. ನನ್ನ ತಮ್ಮ ಕುಮಾರನ ಜೀವಕೋಶಗಳಿಗೆ ಹುಟ್ಟಿನಿಂದಲೇ ಆ ರಿಪೇರಿ ಬರುತ್ತಿರಲಿಲ್ಲ. ಕುತ್ತಿಗೆಯ ಕ್ಯಾನ್ಸರ್ ಗೆಡ್ಡೆಗೆ ಎಲ್ಲರಿಗೂ ಕೊಡುವಷ್ಟೇ ಎಕ್ಸ್-ರೇ ರೇಡಿಯೇಷನ್ ಕೊಟ್ಟರು. ಗೆಡ್ಡೆ ಹೋಯಿತು. ಗಂಟಲೂ ಹೋಯಿತು. ಹೋದ ವರ್ಷ ಅವನೂ...

ಕಾರ್ಬನ್‌ನಂಥ ಹೆವಿ ಅಯಾನ್ ಹಾಗಲ್ಲ. ಒಂದೇ ಜಾಗದಲ್ಲಿ ಚಿಂದಿ ಮಾಡುತ್ತದೆ. ರಿಪೇರಿ ಬಲ್ಲ ಜೀವಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಸಾಯುತ್ತವೆ. ಎಷ್ಟು ಜೀವಕೋಶ ಬದುಕಿ ಉಳಿದವು ಎಂದು ತೋರಿಸುವ ಆ ಗ್ರಾಫಿನಲ್ಲಿ ಕುಮಾರನ ಗೆರೆ ಬೇರೆಯವರ ಗೆರೆಗೆ ಒರಗಿಕೊಂಡೇ ಇಳಿಯುತ್ತದೆ. ಅದೊಂದನ್ನೇ ನೋಡಿದವರಿಗೆ ಅವನೂ ಎಲ್ಲರಂತೆ. ಎಕ್ಸ್-ರೇ ಗ್ರಾಫಿನಲ್ಲಿ ಮಾತ್ರ ಬಾವಿಗೆ ಬಿದ್ದಂತೆ ಬೀಳುತ್ತಾನೆ.

ತೆಗೆದದ್ದು ಅದನ್ನೇ.

ಜೂನ್ 9

ದಿಬ್ಬದಿಂದ ಸರ್‌ಗೆ ಫೋನ್. ಸ್ಪೀಕರ್ ಹಾಕಿದ್ದೆ.

"ಆಸ್ಪತ್ರೆಯವರಿಗೆ ಬೇಜಾರಾಗುತ್ತೆ, ಶಿವಲೀಲಾ. ಸ್ಯಾಂಪಲ್ ಕೊಡೋದು ನಿಲ್ಲಿಸ್ತಾರೆ."

ಕುಮಾರನಿಗೆ ರೇಡಿಯೇಷನ್ ಕೊಟ್ಟ ಇದೇ ಆಸ್ಪತ್ರೆಯವರು ಅಪ್ಪನಿಗೆ 'ಹುಡುಗನಿಗೆ ತಾಕತ್ತಿರಲಿಲ್ಲ' ಎಂದಿದ್ದರು. ಅದನ್ನು ಹಿಡಿದುಕೊಂಡೇ ಪಕ್ಕದ ಮನೆ ಭದ್ರಮ್ಮ ಇವತ್ತಿಗೂ ಅಮ್ಮನಿಗೆ ಹೇಳುವುದು: "ಹೊಟ್ಟೆಗೆ ಸರಿಯಾಗಿ ಹಾಕಿದ್ರೆ ತಡ್ಕಂತಿದ್ದ ಕಣವ್ವ."

ತಿರುಗಿದರೆ ಅಮ್ಮ. ಬುತ್ತಿ ತಂದವಳು ಹಿಂದೆಯೇ ನಿಂತಿದ್ದಳು.

"ಯಾರ್ ಸ್ಯಾಂಪಲ್ಲು?"

"ಕುಮಾರನ ಚರ್ಮ. ಅವ್ನೇ ಕೊಟ್ಟಿದ್ದ. ಲ್ಯಾಬಲ್ಲಿ ಅದ್ರ ಜೀವಕೋಶ ಇನ್ನೂ ಬೆಳೀತಾ ಐತೆ."

"ಜೀವ ಐತಾ?"

"ಹೂಂ."

"ಅದ್ನೂ ಸುಡ್ತೀರಾ?"

ಎಲ್ಲ ಹೇಳಿದೆ. ಊಟದ ದೋಷವಲ್ಲ, ಹುಟ್ಟಿನಿಂದ ಬಂದದ್ದು ಎಂದೂ ಹೇಳಿದೆ. ಅಳಲಿಲ್ಲ. ಸರ್ ಇನ್ನೂ ಲೈನಿನಲ್ಲೇ ಇದ್ದರು; ಫೋನ್ ಕಿತ್ತುಕೊಂಡಳು.

"ಸಾರ್, ಕುಮಾರನ ತಾಯಿ ಕಣ್ರೀ ನಾನು, ಪಂಕಜಾಕ್ಷಿ. ನಡೆದದ್ದು ನಡೆದಂಗೆ ಬರೆಯೋಂಗಿದ್ರೆ ಮಡಿಕ್ಕಳಿ. ಇಲ್ದಿದ್ರೆ ನನ್ ಮಗನ್ನ ವಾಪಸ್ ಕಳಿಸ್ಬುಡಿ."

ಫೋನ್ ನನ್ನ ಕೈಗಿಟ್ಟು ಬುತ್ತಿ ಬಿಚ್ಚಿದಳು.

ಜೂನ್ 12

ಸರ್ ಮೇಲ್: ಎಕ್ಸ್-ರೇ ಗ್ರಾಫನ್ನು ಕೊನೆಯ ಅನುಬಂಧದಲ್ಲಿ ಹಾಕೋಣ.

ಅನುಬಂಧ ಯಾರು ಓದುತ್ತಾರೆ? ನಾನೇ ಓದುವುದಿಲ್ಲ. ಎರಡೂ ಗ್ರಾಫ್ ಪಕ್ಕಪಕ್ಕ ಇರಲಿ, ಇಲ್ಲವೇ ಕುಮಾರನ ಜೀವಕೋಶವೂ ಬೇಡ, ನನ್ನ ಹೆಸರೂ ಬೇಡ ಎಂದು ಬರೆದೆ. ಪಿಎಚ್‌ಡಿ ಹೋದರೆ ಹೋಗಲಿ. ಕಳಿಸಿದ ಕೂಡಲೇ ಫೋನ್ ಆಫ್ ಮಾಡಿದೆ. ಭಯಕ್ಕಲ್ಲ.

ಭಯಕ್ಕೂ.

ಜೂನ್ 21, ಸಂಜೆ

ಸರ್ ಒಪ್ಪಿದ್ದಾರೆ. ಪಕ್ಕಪಕ್ಕ. ಪೇಪರಿನ ಕೊನೆಗೆ ನನ್ನ ಸಾಲೂ ಇದೆ — ಶುರುವಿನಲ್ಲೇ ಚರ್ಮ ಮಿತಿಮೀರಿ ಸುಟ್ಟರೆ ರೇಡಿಯೇಷನ್ ನಿಲ್ಲಿಸಿ ಜೀವಕೋಶದ ರಿಪೇರಿ ಪರೀಕ್ಷೆ ಮಾಡಬೇಕು. ಗೆದ್ದೆ ಅನ್ನಿಸಲಿಲ್ಲ. ಇಷ್ಟಕ್ಕೆ ಇಷ್ಟು ಬಡಿದಾಡಬೇಕಿತ್ತೇ?

ಅಮ್ಮನಿಗೆ ಓದಿ ಹೇಳಿದೆ. ನೆನೆಸಿದ ಅವರೆಕಾಳು ಹಿಸುಕುತ್ತಿದ್ದ ಕೈ ನಿಂತಿತು.

"ಇವ್ನಿಗೂ ಮೊದ್ಲನೇ ವಾರವೇ ಚರ್ಮ ಸುಲೀತಲ್ಲ. ಆ ಪರೀಕ್ಷೆ ಅವತ್ತೂ ಇತ್ತಾ?"

"ಇತ್ತು."

"ಮಾಡ್ಬೋದಿತ್ತಾ?"

"ಮಾಡ್ಬೋದಿತ್ತು, ಅಮ್ಮ."

ಎದ್ದು ಹೋದಳು. ಹಿತ್ತಿಲಲ್ಲಿ ಮಡಕೆ ಒಡೆದ ಸದ್ದು. ಇನ್ನೊಂದು. ಅಪ್ಪ ನನ್ನನ್ನು ಕೂಗುತ್ತಿದ್ದಾರೆ, ಅವಳನ್ನ ತಡಿ ಅಂತ. ತಡೆಯಬಾರದು. ನಾನೂ ಹೋಗಿ ಒಂದು ಮಡಕೆ—